ಟಗರಿನ ನಗು

ಮಗಳು ಅನುಪಮಾ ಬಟ್ಟೆ ಸರಿಸಿದ್ದೇ ತಡ, ಹುಲಿಕುಂಟೆಯ ಮೂಡಲಗಿರಿಯಪ್ಪನ ಎದೆ ಧಸಕ್ಕೆಂದಿತು. ಬದುಕಿದ್ದಾಗ ಊರನ್ನೇ ಅಟ್ಟಾಡಿಸಿದ ಅವನ ಟಗರಿನ ತಲೆ ಮೇಜಿನ ಮೇಲೆ ಹಲ್ಲು ಕಿರಿದು ನಗುತ್ತಿತ್ತು. ಅದು ಕೊಳೆಯದಂತೆ ಮಾಂಸದೊಳಕ್ಕೆ ಪ್ಲಾಸ್ಟಿಕ್ ಇಳಿಸಿ ಉಳಿಸಿಕೊಡು ಎಂದು, ಪಶುವೈದ್ಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳನ್ನು ಅವನೇ ಗೋಗರೆದಿದ್ದ. ನೋಡಲು ಬೀದಿಯವರೆಲ್ಲ ನೆರೆದಿದ್ದರು.

"ಅಪ್ಪಾ, ತಲೆ ನೆನೆಹಾಕಿದ್ದ ಡಬ್ಬ ಫ್ರೀಜರಿನಿಂದ ಆಚೆ ತೆಗೆದಿದ್ಯಾ?" ಮಗಳು ಪಿಸುಗುಟ್ಟಿದಳು. "ಅಸಿಟೋನು ನೀರಿನಂಶ ಎಳ್ಕೊಳೋವರೆಗೂ ಕೊರೆಯೋ ಚಳೀಲೇ ಇರ್ಬೇಕು ಅಂದಿದ್ನಲ್ಲ! ಬೆಚ್ಚಗಾದ್ರೆ ಮಾಂಸ ಮುದುಡ್ತದೆ. ನೋಡು, ತುಟಿ ಹೆಂಗೆ ಮೇಲಕ್ಕೆ ಸೇದ್ಕೊಂಡದೆ."

"ಆ ಚಳೀಲಿ ಅದುನ್ನ ನೋಡಿ ಪಾಪ ಅನ್ನಿಸ್ತು ಕಣಮ್ಮ. ಒಂದೆಲ್ಡು ದಿನ ಜಗಲಿ ಮೇಲಿಟ್ಬುಟ್ಟೆ," ಎಂದು ಅವನು ತಲೆ ತಗ್ಗಿಸಿದ. ಇನ್ನು ಊರವರು ಆಡಿಕೊಂಡು ನಗುವುದೊಂದೇ ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಪಾಲಾಕ್ಷ ಮುಂದೆ ಬಂದ. ಆ ಟಗರಿನ ಗುದ್ದಿಗೆ ಮುಂದಿನ ಹಲ್ಲು ಕಳೆದುಕೊಂಡವನು ಅವನು. ಬಗ್ಗಿ ಮುಖ ನೋಡಿದವನೇ ಥಟ್ಟನೆ ಹಿಂದಕ್ಕೆ ಹಾರಿದ. "ಥೇಟ್ ಅದೇ ಕಣಣ್ಣ! ನನ್ನ ಕೆಡವಿದ ದಿನಾನೂ ಇಂಗೇ ನಗ್ತಾ ನಿಂತಿತ್ತು!"

ಮೂಡಲಗಿರಿಯಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು.