ಹೊರಗಿನಿಂದ ಬಂದವಳು

"ನಾನು ಯಾರು ಗೊತ್ತೇನಪ್ಪಾ? ಈ ಊರಿನ ಆರೋಗ್ಯಾಧಿಕಾರಿಯ ತಾಯಿ," ಎಂದಳು ವಿಮಾನದಿಂದ ಇಳಿದ ಅಜ್ಜಿ.

"ಗೊತ್ತಮ್ಮ. ನಿಮ್ಮನ್ನ ಎಲ್ಲರಿಗಿಂತ ಮೊದಲು ಹೋಟೆಲಿಗೆ ಸಾಗಿಸಿ ಅಂತ ಅವರೇ ಫೋನ್ ಮಾಡಿದ್ರು," ಎಂದ ಕಾವಲಿನವನು, ಬಹಳ ವಿನಯದಿಂದ.

ಸೊಸೆಗೆ ದಿನ ತುಂಬಿತ್ತು. ಬಾಣಂತನಕ್ಕೆಂದು ಪರದೇಶದ ಮಗಳ ಮನೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವಳು, ಈಗ ಕಿಟಕಿ ತೆರೆಯಲು ಬಾರದ ಕೋಣೆಯಲ್ಲಿ ಕುಳಿತಳು. ಹೊರದೇಶದಿಂದ ಬಂದವರೆಲ್ಲ ಎರಡು ವಾರ ಹೋಟೆಲಿನಲ್ಲೇ ಇರಬೇಕು, ಅದೂ ಸ್ವಂತ ಖರ್ಚಿನಲ್ಲಿ ಎಂಬ ನಿಯಮ ಮಾಡಿದವನು ಮಗನೇ. ಅಮ್ಮನ ಬಿಲ್ಲು ಕಟ್ಟುವ ಭಾಗ್ಯವೂ ಅವನದೇ ಆಯಿತು.

ಸಂಜೆ ಕಚೇರಿ ಮುಗಿಸಿ ಅವನು ಹೋಟೆಲಿನ ಕೆಳಗೆ ನಿಂತು, ಕತ್ತೆತ್ತಿ ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದ.

"ಬೇಜಾರು ಮಾಡ್ಕೋಬೇಡಮ್ಮ. ಕಾಯಿಲೆ ಊರೊಳಗೆ ಬರಬಾರದು ಅಂತ ತಾನೇ ಇಷ್ಟೆಲ್ಲ?"

"ನಿನ್ನ ಹಿಂದೆ ತಿರುಗಿ ನೋಡೋ. ಮಾರ್ಕೆಟ್ಟಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳ್ತಿದ್ದಾರೆ. ಅವರ ಕೆಮ್ಮು ಈ ಗಾಜು ದಾಟಿ ಕೇಳುತ್ತೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!"

"ಮೊದಮೊದಲು ಇದರಿಂದಲೇ ಊರು ಉಳಿದದ್ದಮ್ಮ."

"ಆಗ ಉಳೀತು, ಸರಿ. ಈಗ?"

ಮಗ ಹಿಂದೆ ತಿರುಗಿ ಮಾರ್ಕೆಟ್ಟಿನ ಕಡೆ ನೋಡಿದ.

ಅಜ್ಜಿ ಒಳಗಿರುವಾಗಲೇ ಹೆರಿಗೆಯಾಯಿತು. ಮೊಮ್ಮಗಳ ಮೊದಲ ಅಳು ಫೋನಿನಲ್ಲಿ ಕೇಳಿಸಿತು. ಅಲ್ಲಿಯವರೆಗೆ ಎಲ್ಲವನ್ನೂ ತಮಾಷೆ ಮಾಡಿಕೊಂಡೇ ಇದ್ದವಳು, ಆವತ್ತು ಮಾತ್ರ ಬಾಗಿಲಿಗೆ ಹಣೆ ಆನಿಸಿ ಅತ್ತುಬಿಟ್ಟಳು.

ಕೊನೆಗೆ, ಸೋಂಕಿಲ್ಲ ಎಂದು ಹೇಳಿ ಅವಳನ್ನು ಬಿಟ್ಟರು. ನೇರ ಮಗನ ಮನೆಗೆ ಬಂದರೆ ಬಾಗಿಲಿಗೆ ಚಿಲಕ. ಮಗ ಕಂಬಳಿ ಹೊದ್ದು ಕಿಟಕಿಯಲ್ಲಿ ನಿಂತಿದ್ದ.

"ಹತ್ತಿರ ಬರಬೇಡಮ್ಮ. ನನಗೇ ಬಂದುಬಿಟ್ಟಿದೆ."

"ಅಯ್ಯೋ! ಎಲ್ಲಿ ಅಂಟಿಸಿಕೊಂಡೆಯೋ?"

"ಮೀಟಿಂಗಲ್ಲಿ."

"ಯಾವ ಮೀಟಿಂಗು?"

"ಹೊರಗಿನಿಂದ ಬಂದವರನ್ನ ಇನ್ನೂ ಒಂದು ವಾರ ಹೆಚ್ಚಿಗೆ ಇಡೋಣವಾ ಅಂತ... ಎಸಿ ಹಾಕಿದ್ರು, ಕಿಟಕಿ ಮುಚ್ಚಿದ್ರು."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ನಿಲ್ಲಲಿಲ್ಲ. ಮಗನೂ ನಕ್ಕ, ನಕ್ಕು ನಕ್ಕು ಕೆಮ್ಮಿದ. ಆ ಕೆಮ್ಮು ಕೇಳಿ ಅವಳ ನಗು ಅಲ್ಲಿಗೇ ನಿಂತಿತು.

"ಮಧ್ಯಾಹ್ನ ನಿನ್ನ ಸೊಸೆನ ಆಸ್ಪತ್ರೆಯಿಂದ ಕಳಿಸ್ತಾರಮ್ಮ," ಎಂದ ಮಗ. "ಅಲ್ಲಿಗೆ ನನ್ನನ್ನ ಬಿಡಲೇ ಇಲ್ಲ, ಅದೇ ಒಳ್ಳೇದಾಯ್ತು. ಆದರೆ ಹಸುಗೂಸನ್ನ ಈ ಮನೆಗೆ ಹೇಗೆ ಕರ್ಕೊಂಡು ಬರೋದು?"

"ನೀನು ಬಿಸಿನೀರು ಕುಡಿದು ಮಲಗು. ಮಿಕ್ಕದ್ದು ನನಗೆ ಬಿಡು."

ಮಧ್ಯಾಹ್ನ ಬಾಣಂತಿ ಸೊಸೆಯನ್ನೂ ಕೂಸನ್ನೂ ಟ್ಯಾಕ್ಸಿಯಲ್ಲೇ ಕೂರಿಸಿ, ಅಜ್ಜಿ ಅದೇ ಹೋಟೆಲಿನ ಮೆಟ್ಟಿಲು ಹತ್ತಿದಳು. ಕೌಂಟರಿನಲ್ಲಿ ಹೊಸ ಗುಮಾಸ್ತನಿದ್ದ. ಮಾಸ್ಕು ಗದ್ದದ ಮೇಲಿತ್ತು.

"ರೂಮು ಇದೆ ಅಜ್ಜಿ. ಹೊರದೇಶದಿಂದ ಬಂದಿರಾ?"

"ಇಲ್ಲಪ್ಪ," ಎಂದಳು ಅಜ್ಜಿ. "ಇಲ್ಲೇ, ನಿಮ್ಮ ಆರೋಗ್ಯಾಧಿಕಾರಿಯ ಮನೆ ಬಾಗಿಲಿಂದ."

ಸುದ್ದಿ ಆಗಲೇ ಕೇಳಿದ್ದ ಗುಮಾಸ್ತ ತಟ್ಟನೆ ಹಿಂದೆ ಸರಿದು, ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡ.