ಪಕ್ಕದ ಸೀಟಿನವಳು

ನಾಟಕ ನೋಡಲು ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಗುಮ್ಮಿಗೆ ಅಳು ಬಂತು. ರಂಗದ ಮೇಲೆ, ಪರದೇಶದಲ್ಲಿ ಓದುವ ಹುಡುಗಿಯೊಬ್ಬಳು ಖಾಲಿ ಕೋಣೆಯಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಸ್ನೇಹಿತರೆಲ್ಲ ಬಂದಿದ್ದಾರೆ, ಆಮೇಲೆ ಮಾತಾಡುತ್ತೇನೆ ಎನ್ನುತ್ತಾ, ಗದ್ದಲ ಕೇಳಿಸಲೆಂದು ಇನ್ನೊಂದು ಕೈಯಲ್ಲಿ ತಟ್ಟೆ ಲೋಟ ಕುಟ್ಟುತ್ತಿದ್ದಳು. ಯಾರಿಗಾದರೂ ನಗು ಬರುವಂಥದೇ. ಆದರೆ ಗುಮ್ಮಿ ಈ ಪರದೇಶದ ಊರಿಗೆ ಓದಲು ಬಂದ ಹದಿಮೂರು ತಿಂಗಳಿಂದ ಪ್ರತಿ ಭಾನುವಾರ ಇದನ್ನೇ ಮಾಡುತ್ತಿದ್ದಳು. ತಟ್ಟೆ ಲೋಟದ ಬದಲು ಇವಳು ಟಿವಿ ಹಾಕುತ್ತಿದ್ದಳು, ಅಷ್ಟೇ ವ್ಯತ್ಯಾಸ.

ತಡೆಯಲಾರದೆ ಬಾಯಿಂದ "ಅಯ್ಯೋ ಅಮ್ಮಾ" ಹೊರಟಿರಬೇಕು. ಪಕ್ಕದ ಸೀಟಿನಿಂದ ಒಂದು ಕರವಸ್ತ್ರ ಬಂತು. "ಒರೆಸ್ಕೊಳ್ಳಿ. ಅಯ್ಯೋ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು ನಮ್ಮೋರೇ ಅಂತ."

ಮಧ್ಯಂತರದಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕಾಗದದ ಲೋಟ ಹಿಡಿದು ಕೂತರು. "ಮನೇಲಿ ನನ್ನ ರೇಡಿಯೋ ಅಂತಾರೆ," ಎಂದಳು ಆಕೆ.

"ನನ್ನ ಗುಮ್ಮಿ ಅಂತಾರೆ. ಗುಮ್ಮನಗುಸುಕ ಅಂತ ಅಣ್ಣ ಇಟ್ಟಿದ್ದು."

"ಸರಿಹೋಯ್ತು! ಒಂದು ಆಫೇ ಆಗಲ್ಲ, ಇನ್ನೊಂದು ಆನೇ ಆಗಲ್ಲ." ನಕ್ಕು, ಸ್ವಲ್ಪ ಹತ್ತಿರ ಸರಿದಳು. "ಅಲ್ಲ, ಎಲ್ಲಾ ನಗ್ತಿದ್ರೆ ನೀವೊಬ್ರೇ ಯಾಕೆ ಅತ್ರಿ?"

ಡೈರಿಗೆ ಬಿಟ್ಟು ಯಾರಿಗೂ ಏನೂ ಹೇಳದ ಗುಮ್ಮಿ ಅವಳಿಗೆ ಹೇಳಿಬಿಟ್ಟಳು. ಭಾನುವಾರದ ಫೋನು, ಟಿವಿ, ಹೆಸರು ಸಮೇತ ತಾನು ಹುಟ್ಟಿಸಿದ ನಾಲ್ವರು ಗೆಳತಿಯರು. ನಾಟಕದ ಉಳಿದರ್ಧದಲ್ಲಿ ರೇಡಿಯೋ ರಂಗದ ಕಡೆ ನೋಡಿದ್ದು ಕಡಿಮೆ. ಹೊರಳಿ ಹೊರಳಿ ಗುಮ್ಮಿಯ ಮುಖವನ್ನೇ ನೋಡುತ್ತಿದ್ದಳು. ಹದಿಮೂರು ತಿಂಗಳಲ್ಲಿ ಆ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

ಮರುದಿನ ಭಾನುವಾರ ಗುಮ್ಮಿ ಟಿವಿ ಆರಿಸಿ ಮನೆಗೆ ಫೋನ್ ಮಾಡಿದಳು. "ಅಮ್ಮಾ, ನನಗೊಬ್ಬಳು ಫ್ರೆಂಡ್ ಸಿಕ್ಕಿದಾಳೆ."

"ಒಬ್ಬಳಾ? ರೂಮ್ ತುಂಬಾ ಇರ್ತಾರಲ್ಲೇ, ಇದೇನು ಹೊಸದಾಗಿ ಹೇಳ್ತೀಯ?"

"ಇವಳು... ನಮ್ಮ ಭಾಷೆಯವಳಮ್ಮ."

ಆಮೇಲೆ ನಾಲ್ಕು ಶನಿವಾರ ರೇಡಿಯೋ ತಾನಾಗಿಯೇ ಬಂದಳು. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಚಹಾ ಆರುವವರೆಗೂ ಮಾತಾಡಿಸುತ್ತಿದ್ದಳು. ಎರಡನೇ ವಾರಕ್ಕೆ 'ನೀವು' ಹೋಗಿ 'ನೀನು' ಬಂತು. ಮೂರನೇ ವಾರಕ್ಕೆ 'ಕಣೇ'. ಗುಮ್ಮಿ ಡೈರಿ ಬರೆಯುವುದನ್ನೇ ಬಿಟ್ಟಳು.

ಐದನೇ ಶನಿವಾರ ರೇಡಿಯೋ ಕೆಲವು ಹಾಳೆ ಹಿಡಿದು ಬಂದಳು. "ಒಂದು ಸಹಾಯ ಆಗ್ಬೇಕಲ್ಲ ಕಣೇ. ಬೈಬಾರ್ದು ಮತ್ತೆ."

ಮೊದಲ ಹಾಳೆಯ ಮೇಲೆ 'ಪ್ರೇಕ್ಷಕಿ ಹತ್ತೊಂಬತ್ತು' ಎಂದಿತ್ತು. ಕೆಳಗೆ ಅಚ್ಚುಕಟ್ಟಾಗಿ ಟೈಪ್ ಮಾಡಿದ ಸಾಲುಗಳು. ಎಲ್ಲರೂ ನಗುವ ದೃಶ್ಯದಲ್ಲಿ ಅಳುತ್ತಾಳೆ. ತಾಯಿಗೆ ಫೋನ್ ಮಾಡುವಾಗ ಟಿವಿ ಹಾಕುತ್ತಾಳೆ. ಯಾರೋ ಬಂದು ಹೋದರೆಂದು ಅಕ್ಕಪಕ್ಕದ ಕೋಣೆಯವರು ತಿಳಿಯಲಿ ಎಂದು, ಒಬ್ಬಳೇ ಇದ್ದ ದಿನವೂ ಎರಡು ಲೋಟ ತೊಳೆದಿಡುತ್ತಾಳೆ.

"ನನ್ನ ಥೀಸಿಸ್ ಕಣೇ. ಪರದೇಶದಿಂದ ಬಂದೋರು ಇಲ್ಲಿನ ನಾಟಕ ಹೇಗೆ ನೋಡ್ತಾರೆ ಅಂತ. ನಿಮ್ಗೆಲ್ಲಾ ಕಾಲೇಜಲ್ಲಿ ಬಿಟ್ಟಿ ಟಿಕೆಟ್ ಕೊಟ್ರಲ್ಲ, ಅದಕ್ಕೇನೇ. ಪಕ್ಕದ ಸೀಟು ಪ್ರತಿ ಸಲ ನಂದೇ. ಹದಿನೆಂಟು ಜನರ ಪಕ್ಕ ಕೂತೆ, ಎಲ್ಲಾ ಮರದ ಮುಖ! ನಿಂದು ಓದಿ ನಮ್ಮ ಗೈಡು ಕುಣಿದಾಡಿಬಿಟ್ರು."

ಗುಮ್ಮಿ ಲೋಟದ ಸಾಲಿನ ಮೇಲೆ ಬೆರಳಿಟ್ಟಳು. "ಇದು ಅವತ್ತು ಹೇಳಿದ್ದಲ್ಲ. ಇಲ್ಲಿ ಹೇಳಿದ್ದು."

"ಹೂಂ, ಅದನ್ನ 'ನಂತರದ ಸಂದರ್ಶನ' ಅಂತ ಹಾಕಿದೀನಿ. ನಿನ್ನ ಹೆಸರು ಎಲ್ಲೂ ಇಲ್ಲ, ನಮ್ಮಮ್ಮನಾಣೆ."

"ಹಾಗಾದ್ರೆ ನೀನು ಬರ್ತಿದ್ದಿದ್ದು ಇದಕ್ಕಾ?"

ರೇಡಿಯೋ ಮೊದಲ ಸಲ ಮಾತಿಗೆ ತಡಕಾಡಿದಳು. "ಮೊದಮೊದಲು ಹೌದು. ಆಮೇಲೆ... ನಿಜವಾಗ್ಲೂ ಇಷ್ಟ ಆಗ್ಬಿಟ್ಟೆ ಕಣೇ. ನಂಬಿದ್ರೆ ನಂಬು." ಅವಳ ಕಣ್ಣಲ್ಲಿ ನೀರಿತ್ತು. ಅದು ಸುಳ್ಳೆಂದು ಗುಮ್ಮಿಗೆ ಅನ್ನಿಸಲಿಲ್ಲ.

ಕೊನೆಯ ಹಾಳೆ ಒಪ್ಪಿಗೆಪತ್ರ. ಸಹಿಯ ಮೇಲ್ಗಡೆ ಒಂದು ಪ್ರಶ್ನೆ: ಸಂಶೋಧಕಿಗೂ ನಿಮಗೂ ಸ್ನೇಹವಿದೆಯೇ? ಅದರ ಮುಂದೆ ಎರಡು ಚೌಕ, ಹೌದು ಮತ್ತು ಇಲ್ಲ.

"ಇಲ್ಲ ಅನ್ನೋದಕ್ಕೆ ಗುರುತು ಹಾಕು," ಎಂದಳು ರೇಡಿಯೋ, ಕಣ್ಣೊರೆಸಿಕೊಂಡು. "ಸ್ನೇಹಿತರ ಮಾತು ಲೆಕ್ಕಕ್ಕೆ ತಗೊಳ್ಳಲ್ಲ. ಹೌದು ಅಂದ್ರೆ ನಿನ್ನ ಹಾಳೆ ಪೂರ್ತಿ ಹೊಡೆದುಹಾಕ್ತಾರೆ. ಸೋಮವಾರ ಕೊಡ್ಬೇಕು ಕಣೇ, ಅಷ್ಟರಲ್ಲಿ ಇನ್ನೊಬ್ರು ಅಳೋರನ್ನ ಎಲ್ಲಿಂದ ತರ್ಲಿ?"

ಗುಮ್ಮಿ ಪೆನ್ನು ಹಿಡಿದು ಕೂತಳು. ಹೌದು ಎಂದರೆ ಇವಳು ಮುಂದಿನ ಶನಿವಾರದಿಂದ ಬರುವುದಿಲ್ಲ. ಇಲ್ಲ ಎಂದರೆ ಬರಬಹುದು. ಇಲ್ಲ ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದಳು.

"ನಂಗೊತ್ತಿತ್ತು! ಫ್ರೆಂಡ್ ಅಂದ್ರೆ ನೀನು ಕಣೇ," ಎಂದ ರೇಡಿಯೋ ಹಾಳೆಯನ್ನು ಹುಷಾರಾಗಿ ಎತ್ತಿಕೊಂಡು, ಮಸಿ ಇನ್ನೂ ಆರದಿದ್ದ ಆ ಗುರುತಿಗೆ ತುಟಿ ಚೂಪು ಮಾಡಿ ಮೆಲ್ಲಗೆ ಊದಿದಳು, ಬಿದ್ದ ಮಗುವಿನ ಮೊಣಕಾಲಿಗೆ ಊದುವ ಹಾಗೆ.