ಸೀಮೆಸುಣ್ಣದ ಡಬ್ಬಿ

ಹತ್ತನೇ ತರಗತಿಯವರ ವಿಜ್ಞಾನ ಶಿಬಿರಕ್ಕೆ ನಮ್ಮ ಶಾಲೆಯಿಂದ ಒಬ್ಬರಿಗಷ್ಟೇ ಅವಕಾಶವಿತ್ತು. ಮುಬೀನಾಳಿಗೂ ನನ್ನ ಮಗಳು ಶಾಲ್ಮಲಿಗೂ ಅಂಕಗಳು ಸರಿಸಮ. ಚೀಟಿ ಎತ್ತಿಸಿ ಎಂದರು ಹೆಡ್‌ಮಾಸ್ತರು. ವಿಜ್ಞಾನದ ಮೇಷ್ಟ್ರಾದ ನಾನೇ ಎರಡು ಚೀಟಿ ಬರೆದು, ಮಡಚಿ, ಸೀಮೆಸುಣ್ಣದ ಡಬ್ಬಿಗೆ ಹಾಕಿದೆ.

"ನೀನೇ ಎತ್ತೇ," ಎಂದಳು ಮುಬೀನಾ.

ಶಾಲ್ಮಲಿ ಒಂದನ್ನು ಎತ್ತಿದ ಕೂಡಲೇ ನಾನು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದೆ. ಅವಳು ಚೀಟಿ ಓದಿ, ನನ್ನ ಮುಖವನ್ನೇ ನೋಡುತ್ತ ನಿಂತಳು.

"ಯಾರ ಹೆಸರೇ? ಬೇಗ ಹೇಳು!" ಮುಬೀನಾ ಕುಣಿದಾಡುತ್ತಿದ್ದಳು.

"ನಿಂದೇ ಕಣೇ."

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಶಾಲೆಯಲ್ಲಿ ಯಾವತ್ತೂ 'ಸರ್' ಎಂದೇ ಕರೆಯುವ ಮಗಳು ಆ ಚೀಟಿಯನ್ನು ನನ್ನ ಅಂಗೈಗೆ ಒತ್ತಿ, "ಡಬ್ಬೀಲಿರೋದನ್ನೂ ಹರಿದುಹಾಕಪ್ಪ," ಎಂದು ಪಿಸುಗುಟ್ಟಿದಳು.

ಎರಡರಲ್ಲೂ ನಾನು ಬರೆದದ್ದು ಮಗಳ ಹೆಸರನ್ನೇ.